ಅಮ್ಮ ಸೇರಿಸುವ ಐದು

ನನ್ನ ಮಗಳು ಪ್ಯಾರಾಗ್ಲೈಡರ್‌ನಲ್ಲಿ ಗಿರಾಕಿಗಳನ್ನು ತನ್ನ ಮೈಗೆ ಕಟ್ಟಿಕೊಂಡು ಗುಡ್ಡದಿಂದ ಹಾರುತ್ತಾಳೆ. ನಾನು ಅವರನ್ನು ಜೀಪಿನಲ್ಲಿ ಮೇಲಕ್ಕೆ ಬಿಟ್ಟು, ಖಾಲಿ ಗಾಡಿ ಇಳಿಸಿಕೊಂಡು ಬಂದು, ಕೆಳಗಿನ ಬಯಲಲ್ಲಿ ಕಾಯುತ್ತೇನೆ. ನಮ್ಮವಳ, ಅಂದರೆ ನನ್ನ ಹೆಂಡತಿಯ, ಪಾಲಿಗೆ ಬಂದದ್ದು ಗಾಳಿಯ ಲೆಕ್ಕ. ಬೆಳಿಗ್ಗೆ ಮಗಳು ಅಡುಗೆಮನೆಯ ನೆಲದಲ್ಲಿ ಕೂತು ಹಗ್ಗಗಳ ಸಿಕ್ಕು ಬಿಡಿಸುತ್ತಿದ್ದರೆ, ಅವಳಮ್ಮ ಒಲೆಯ ಮುಂದೆ ನಿಂತು ಫೋನಿನಲ್ಲಿ ಹವಾಮಾನ ಓದಿ ಹೇಳಬೇಕು. ಗುಡ್ಡದ ಮೇಲೆ ನೆಟ್‌ವರ್ಕ್ ಸಿಗುವುದಿಲ್ಲ. ಮನೆಯಲ್ಲಿ ಕೇಳಿಸಿಕೊಂಡದ್ದೇ ಕೊನೆ. ಗಾಳಿಯ ಹೊಡೆತ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟುತ್ತದೆ ಎಂದರೆ ಹಾರುವಂತಿಲ್ಲ.

ಆ ದಿನ ನಮ್ಮವಳು, "ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆಂಟು. ಇವತ್ತು ಬೇಡ ಪುಟ್ಟೀ," ಎಂದಳು.

"ನಿಂಗೆ ಯಾವತ್ತು ಬೇಕಾಗಿತ್ತು ಹೇಳು?" ಮಗಳು ಅಮ್ಮನ ಕೆನ್ನೆ ಹಿಂಡಿ ಹೊರಟಳು.

ಅರ್ಧ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಇಪ್ಪತ್ತೆಂಟು ಅಂದಳಲ್ಲೇ ನಿಮ್ಮಮ್ಮ?"

"ಅಪ್ಪ, ಅಮ್ಮ ದಿನಾ ಐದು ಸೇರಿಸಿ ಹೇಳ್ತಾಳೆ. ಆಮೇಲೆ ಫೋನ್ ತೆಗೆದು ನೋಡಿದೀನಿ, ಒಂದು ದಿನಾನೂ ತಪ್ಪಿಲ್ಲ. ಈಗ ನೋಡೋದೂ ಬಿಟ್ಟಿದೀನಿ, ಐದು ಕಳೆದುಬಿಡ್ತೀನಿ. ಇಪ್ಪತ್ಮೂರು. ಆರಾಮ."

"ಗೊತ್ತಿದ್ದೂ ಅವಳ ಹತ್ರಾನೇ ಓದಿಸ್ತೀಯಲ್ಲ?"

"ಓದಿದ್ರೆ ಅವಳಿಗೊಂದು ಸಮಾಧಾನ. ಅದನ್ನೂ ಕಿತ್ಕೊಳ್ಳಲಾ?"

ನನಗೂ ನಗು ಬಂತು.

ಬಯಲಿಗೆ ಇಳಿದರೆ ನಮ್ಮವಳು ಅಲ್ಲೇ ನಿಂತಿದ್ದಾಳೆ. ತನ್ನ ಹೊಲಿಗೆ ಅಂಗಡಿಯಿಂದ ಅರ್ಧಕ್ಕೇ ಎದ್ದು ಬಂದಿದ್ದಳು. ಅಳತೆ ಟೇಪು ಇನ್ನೂ ಕೊರಳಲ್ಲಿತ್ತು.

"ಹಾರಲ್ಲ ತಾನೇ ಅವಳು?"

"ಯಾಕೆ ಹಾರಲ್ಲ? ನಿನ್ನ ಐದರ ಗುಟ್ಟು ಯಾವತ್ತೋ ಬಯಲಾಗಿದೆ ಮಹರಾಯ್ತಿ," ಎಂದು ಕಿಚಾಯಿಸಿದೆ.

ಅವಳು ಗುಡ್ಡದ ತುದಿ ನೋಡಿದಳು. "ಇವತ್ತು ಸೇರಿಸಿಲ್ಲ ರೀ. ಫೋನಲ್ಲೇ ಇಪ್ಪತ್ತೆಂಟಿತ್ತು. ಅದೇ ಸಾಕು ಅಂದ್ಕೊಂಡೆ."

ಗಾಳಿಯ ದಿಕ್ಕು, ಜೋರು ತೋರಿಸಲು ಬಯಲಿನ ಅಂಚಿನಲ್ಲಿ ಕಟ್ಟಿದ ಗಾಳಿಚೀಲ ಆಗಲೇ ಕಂಬಕ್ಕೆ ಅಡ್ಡಲಾಗಿ ಸೆಟೆದುಕೊಂಡಿತ್ತು. ನಾನು ಜೀಪಿನೊಳಗಿನ ವಾಕಿಟಾಕಿ ಎಳೆದು ಅವಳ ಕೈಗೆ ತುರುಕಿದೆ.

"ಪುಟ್ಟೀ, ಹಾರಬೇಡ. ಇಪ್ಪತ್ತೆಂಟು ಅಂದ್ರೆ ಇಪ್ಪತ್ತೆಂಟೇ."

ಗೊರಗೊರ ಸದ್ದು. "ಅಮ್ಮಾ, ಗಿರಾಕೀನ ಕಟ್ಟಿ ಆಯ್ತು. ಇಲ್ಲಿ ಎಲೆ ಅಲ್ಲಾಡ್ತಿಲ್ಲ."

"ನಿಜ ಹೇಳ್ತಿದೀನಿ ಕಣೇ."

"ದಿನಾ ಹಂಗೇ ಅಂತೀಯಲ್ಲಮ್ಮ."

ನಮ್ಮವಳು ವಾಕಿಟಾಕಿ ನನಗೆ ಚಾಚಿದಳು. "ನೀವು ಹೇಳಿ. ನಿಮ್ಮ ಮಾತು ನಂಬ್ತಾಳೆ."

"ಮಗಳೇ, ಗಾಳಿಚೀಲ ಸೆಟೆದು ನಿಂತಿದೆ. ನನ್ನ ಕಣ್ಣಾರೆ ನೋಡ್ತಿದೀನಿ."

ಗುಡ್ಡದ ನೆತ್ತಿಯಲ್ಲಿ ಪ್ಯಾರಾಗ್ಲೈಡರ್‌ನ ಕೆಂಪು ಬಟ್ಟೆ ಉಬ್ಬಿ ಎದ್ದಿತು, ಒಂದು ಮಗ್ಗುಲಿಗೆ ವಾಲಿತು. ನಮ್ಮವಳು ನನ್ನ ತೋಳಿಗೆ ಉಗುರು ಊರಿದಳು. ಆಮೇಲೆ ಬಟ್ಟೆ ಕುಸಿದು ಕಾಣದಾಯಿತು.

"ಕೆಳಗೆಳೆದೆ ಅಪ್ಪ. ಗಾಡಿ ತಗೊಂಡು ಬಾ."

ನಾನು ಗಾಡಿ ತಿರುಗಿಸುವಷ್ಟರಲ್ಲಿ ಬಯಲಿನ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಗಾಳಿಗೆ ಉರುಳಿಕೊಂಡು ರಸ್ತೆ ಸೇರಿದ್ದವು.

ಮರುದಿನ ಬೆಳಿಗ್ಗೆ ಮಗಳು ಹಗ್ಗಗಳನ್ನು ಮಡಿಲಲ್ಲಿಟ್ಟುಕೊಂಡು ಫೋನು ತಾನೇ ಓದಿದಳು, ಮನಸ್ಸಿನಲ್ಲೇ. ಅವಳಮ್ಮ ಒಲೆಗೆ ಬೆನ್ನು ಕೊಟ್ಟು ಕಾದಳು. ಕೊನೆಗೆ ತಾನೇ ಕೇಳಿದಳು.

"ಎಷ್ಟಿದೆ?"

"ಹದಿನೈದು."

ನಮ್ಮವಳು ನನ್ನ ಕಡೆ ತಿರುಗಿದಳು. ಇದ್ದದ್ದರಲ್ಲಿ ಮಗಳು ಎಷ್ಟು ಕಳೆದು ಹದಿನೈದು ಅಂದಿದ್ದಳೋ, ನನಗೂ ತಿಳಿಯಲಿಲ್ಲ.