ಅನಧ್ಯಾಯದ ದಿನಗಳು

ನನ್ನ ಅಣ್ಣ ನರಸಿಂಹ ಒಂದು ಕೊಡ ನೀರಿನ ಸಲುವಾಗಿ ಮಗಳ ಶಾಲೆ ಬಿಡಿಸಿದ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಉರಿಯಲಿ. ತಣ್ಣಗೆ ಹೇಳುವಂಥ ವಿಷಯವಲ್ಲ ಇದು.

೧೯೮೭ರ ಜೂನ್ ತಿಂಗಳು. ಕಮಲಾಪುರದ ಶಾಲೆಯಲ್ಲಿ ಅವನ ಮಗಳು ವತ್ಸಲಾ ಏಳನೆಯ ತರಗತಿಗೆ ಕಾಲಿಟ್ಟು ಎರಡು ವಾರವಾಗಿತ್ತು. ಹನ್ನೊಂದು ತುಂಬಿ ಹನ್ನೆರಡು ನಡೆಯುತ್ತಿದ್ದ ಹುಡುಗಿ. ಎಲ್ಲ ಮಕ್ಕಳು ಕುಡಿಯುವ ಕೊಡದಲ್ಲೇ ಅವಳೂ ಲೋಟ ಅದ್ದಿ ಕುಡಿದಳೆಂದು ಊರಿನ ಯಾರೋ ಪುಣ್ಯಾತ್ಮರು ಅಣ್ಣನ ಕಿವಿಗೆ ಹಾಕಿದರು. ಅಣ್ಣ ಊರ ಗುಡಿಯಲ್ಲಿ ಪೂಜೆ ಮಾಡುವವನು. ನೆಟ್ಟಗೆ ಶಾಲೆಗೆ ಹೋಗಿ ತನ್ನ ಮಗಳಿಗೆ ಬೇರೆ ಕೊಡ ಇಡಿಸಬೇಕೆಂದು ಕೇಳಿದ. ಹೆಡ್‌ಮಾಸ್ತರು ಮಾಪಣ್ಣ ದೊಡ್ಡ ದನಿ ಮಾಡದೆ, ಶಾಲೆಯಲ್ಲಿ ಇರುವುದು ಒಂದೇ ಕೊಡ, ಇನ್ನು ಮುಂದೆಯೂ ಒಂದೇ ಇರುತ್ತದೆ ಎಂದರಂತೆ. ಮರುದಿನದಿಂದ ವತ್ಸಲಾ ಮನೆಯಲ್ಲಿ ಉಳಿದಳು.

ಅವಳ ಅಣ್ಣ ಗೋಪಾಲ ಕಲಬುರಗಿಯಲ್ಲಿ ನನ್ನ ಹತ್ತಿರವಿದ್ದು ಹೈಸ್ಕೂಲಿಗೆ ಹೋಗುತ್ತಿದ್ದ. ಅವನು ಶಾಲೆಯ ನಳಕ್ಕೆ ಬಾಯಿ ಹಚ್ಚಿ ಕುಡಿಯುತ್ತಿದ್ದ, ಬೀದಿಯ ಬಂಡಿಯ ಮೇಲೆ ಮಿರ್ಚಿ ಭಜಿ ತಿನ್ನುತ್ತಿದ್ದ. ಅದನ್ನು ಎತ್ತಿ ಆಡಿದರೆ ಅಣ್ಣ, ಅವನು ಗಂಡು ಹುಡುಗ, ಜನಿವಾರ ಬದಲಿಸಿದರೆ ಮುಗಿಯಿತು ಎಂದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನನ್ನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಮದುವೆಯಾದ ಮೂರನೆಯ ವರ್ಷ ಗಂಡ ತೀರಿಕೊಂಡರು. ನನ್ನ ಕೈಯಲ್ಲಿ ಮೆಟ್ರಿಕ್ ಪಾಸಾದ ಕಾಗದವಿತ್ತು ಎಂಬ ಒಂದೇ ಕಾರಣಕ್ಕೆ ಅವರ ಗುಮಾಸ್ತನ ಕುರ್ಚಿ ನನಗೆ ಸಿಕ್ಕಿತು. ಆ ಕಾಗದವಿಲ್ಲದಿದ್ದರೆ ಇಂದೂಬಾಯಿ ಎಂಬ ನಾನು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿರುತ್ತಿದ್ದೆ. ನನ್ನ ಕೆಲಸ ಪರೀಕ್ಷೆಯ ಅರ್ಜಿ ತೆಗೆದುಕೊಳ್ಳುವ ಒಂದು ಕಚೇರಿಯಲ್ಲಿ. ಬಂದ ಅರ್ಜಿಗೆ ತಾರೀಖಿನ ಮುದ್ರೆ ಒತ್ತುವುದು, ದಪ್ಪ ರಿಜಿಸ್ಟರಿನಲ್ಲಿ ಏರಿಸುವುದು. ಶಾಲೆಗೆ ಹೋಗದ ಮಕ್ಕಳು ಹೊರಗಿನಿಂದ ಏಳನೆಯದರ ಪಬ್ಲಿಕ್ ಪರೀಕ್ಷೆಗೆ ಕೂಡಬಹುದೆಂದು ಗೊತ್ತಿದ್ದದ್ದು ಅದರಿಂದಲೇ.

ಆ ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ಜಗಳ ತೆಗೆದೆ. ಶಾಲೆಯ ಮಾತಿಗೆ ಅಣ್ಣ ಜಗ್ಗಲಿಲ್ಲ. ಮನೆಯಲ್ಲೇ ಓದಿಸಿ ಪರೀಕ್ಷೆಗೆ ಕೂರಿಸೋಣ ಎಂದಾಗ ಮಾತ್ರ ಅವನ ಮುಖ ಅರಳಿತು. ತನ್ನ ಮಗಳಿಗೆ ಕಲಿಸಲು ತನಗೆ ಬರುವುದಿಲ್ಲವೇ ಎಂಬ ಜಂಬ. ವತ್ಸಲಾ ಪಾಸಾದರೆ ನನ್ನ ಮನೆಯಲ್ಲಿದ್ದು ಹೈಸ್ಕೂಲು ಓದಬಹುದು ಎಂದು ಒಪ್ಪಿದ. ಆಗದಿದ್ದರೆ ಓದು ಅಲ್ಲಿಗೆ ಮುಗಿಯಿತು.

"ಒಂದಽ ವರ್ಷ ನೋಡು ಇಂದೂ," ಎಂದ. "ಮತ್ತ ಮುಂದಿನ ವರ್ಷ ಅಂತ ನನ್ನ ಮುಂದ ಬರಬ್ಯಾಡ."

ವತ್ಸಲಾ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಪುಸ್ತಕ ಜೋಡಿಸುವುದೇ ಒಂದು ಪಾಡಾಯಿತು. ಹೊಸ ಪಠ್ಯಪುಸ್ತಕಗಳು ಅಂಗಡಿಗೆ ಬರುವುದು ಆಗಸ್ಟ್ ಕಳೆದ ಮೇಲೆ. ಗೋಪಾಲನ ಹಳೆಯ ಗಣಿತ ಪುಸ್ತಕದಲ್ಲಿ ಮೊದಲ ಮೂವತ್ತು ಪುಟವಿರಲಿಲ್ಲ. ಪಕ್ಕದ ಮನೆಯವರಿಂದ ಇಸಿದುಕೊಂಡು ಕೈಯಿಂದ ಬರೆದೆ. ಆಮೇಲೆ ಒಂದು ದೊಡ್ಡ ಹಾಳೆಗೆ ಗೆರೆ ಹೊಡೆದು ವೇಳಾಪಟ್ಟಿ ಮಾಡಿದೆ. ಬೆಳಿಗ್ಗೆ ಗಣಿತ, ತಲೆ ಚುರುಕಿರುವಾಗ. ನಂತರ ವಿಜ್ಞಾನ. ಊಟವಾದ ಮೇಲೆ ಕನ್ನಡ, ಸಮಾಜ. ಸಂಜೆ ಒಂದು ತಾಸು ಇಂಗ್ಲಿಷ್. ಯಾವ ತಿಂಗಳು ಯಾವ ಪಾಠ ಮುಗಿಯಬೇಕು, ಯಾವಾಗ ಮರಳಿ ಓದಬೇಕು, ಎಲ್ಲ ಬರೆದೆ. ಇಷ್ಟು ಅಚ್ಚುಕಟ್ಟಾಗಿ ನಾನು ಯಾವ ಸಾಹೇಬನಿಗೂ ಕೆಲಸ ಮಾಡಿಕೊಟ್ಟಿರಲಿಲ್ಲ.

ಅಣ್ಣ ಕೆಂಪು ಪೆನ್ನು ತೆಗೆದುಕೊಂಡ. ಬೆಳಗಿನ ಗಣಿತದ ಜಾಗಕ್ಕೆ ಸ್ತೋತ್ರದ ಬಾಯಿಪಾಠ ಬಂತು. ಗಣಿತ ಊಟದ ನಂತರಕ್ಕೆ, ಅಂದರೆ ತೂಕಡಿಕೆಯ ವೇಳೆಗೆ ಹೋಯಿತು. ಇಂಗ್ಲಿಷ್ ಅರ್ಧ ತಾಸಾಯಿತು; ಉಳಿದ ಅರ್ಧಕ್ಕೆ ರಂಗೋಲಿ. ಅಷ್ಟಾದರೂ ಹಲ್ಲು ಕಚ್ಚಿ ಕೂತಿದ್ದೆ. ಆಮೇಲೆ ಅವನು ಪಂಚಾಂಗ ಬಿಚ್ಚಿದ.

ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ. ಈ ತಿಥಿಗಳಲ್ಲಿ ವೇದ ಹೇಳಿಸಿಕೊಳ್ಳುವ ಹಾಗಿಲ್ಲ; ಅವು ಅನಧ್ಯಾಯದ ದಿನಗಳು, ಹಿಂದಿನಿಂದ ಬಂದ ಪದ್ಧತಿ. ಅಣ್ಣ ಆ ದಿನಗಳನ್ನೆಲ್ಲ ನನ್ನ ಹಾಳೆಯ ಮೇಲೆ ಒಂದೊಂದಾಗಿ ಕೆಂಪಗೆ ಹೊಡೆದ. ಏಕಾದಶಿಗೆ ಉಪವಾಸ, ಅದನ್ನೂ ಹೊಡೆದ. ಮನೆಯ ಶ್ರಾದ್ಧಗಳು, ಸಂಕ್ರಮಣ, ಗ್ರಹಣ. ಮೂರು ದಿನಕ್ಕೆ ಒಂದು ದಿನ ಹೋಯಿತು.

"ಅಣ್ಣಾ, ಇದು ವೇದಕ್ಕ ಹೇಳಿದ್ದು," ಎಂದೆ. "ಲ.ಸಾ.ಅ., ಮ.ಸಾ.ಅ. ಲೆಕ್ಕಾ ಕಲೀಲಿಕ್ಕೆ ಅಷ್ಟಮಿ ಯಾಕ ಅಡ್ಡ ಬರ್ತದ?"

"ವಿದ್ಯಾ ಅಂದ್ರ ವಿದ್ಯಾ. ನಮ್ಮ ಮನ್ಯಾಗ ಕಲೀಬೇಕಂದ್ರ ನಮ್ಮ ಮನೀ ಪದ್ಧತಿ."

ಅದೇ ಅಣ್ಣ, ಹೆಣ್ಣುಮಕ್ಕಳಿಗೆ ವೇದ ಸಲ್ಲದು ಎನ್ನುವವನು. ವೇದ ಬೇಡ, ವೇದದ ರಜೆ ಮಾತ್ರ ಬೇಕು. ನನಗೆ ಆ ಹಾಳೆಯನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಎಸೆದಿದ್ದರೆ ಉಳಿದಿದ್ದ ಎರಡು ಪಾಲು ದಿನಗಳೂ ಹೋಗುತ್ತಿದ್ದವು. ಸುಮ್ಮನೆ ಗೋಡೆಗೆ ಹಚ್ಚಿ ಬಂದೆ.

ಆ ವರ್ಷವನ್ನು ಉಳಿಸಿದವಳು ವೈನಿ, ಅಂದರೆ ಅಣ್ಣನ ಹೆಂಡತಿ ಜಾನಕೀಬಾಯಿ. ನಾಲ್ಕನೆಯ ತರಗತಿ ಓದಿದವಳು, ಮನೆಯಲ್ಲಿ ಅವಳ ದನಿ ಕೇಳಿದವರೇ ಕಡಿಮೆ. ಅನಧ್ಯಾಯದ ದಿನ ಬಂತೆಂದರೆ ಮಗಳನ್ನು ಅಡುಗೆಮನೆಯ ಹೊಸ್ತಿಲಾಚೆ ಕೂರಿಸಿಕೊಳ್ಳುತ್ತಿದ್ದಳು. ತಾನು ಮಡಿಯಲ್ಲಿ ಒಲೆಯ ಮುಂದೆ. ಜೋಳದ ಭಕ್ಕರಿ ಬಡಿಯುತ್ತ, ಒಂದು ಭಕ್ಕರಿಯನ್ನು ಐದು ಪಾಲು ಮಾಡಿ ಎರಡು ಪಾಲು ತೆಗೆದರೆ ಎಷ್ಟು, ಉಳಿದದ್ದರಲ್ಲಿ ಅರ್ಧ ಎಷ್ಟು ಎಂದು ಕೇಳುತ್ತಿದ್ದಳು. ಉತ್ತರ ಸರಿಯೋ ತಪ್ಪೋ ಅವಳಿಗೂ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ. ಹುಡುಗಿಯೇ ಬಿಡಿಸಿ ಹೇಳಬೇಕಿತ್ತು. ಪುಸ್ತಕ ಮುಟ್ಟಬಾರದೆಂದು ಹೇಳಿದ್ದಾರೆ, ಲೆಕ್ಕ ಕೇಳಬಾರದೆಂದು ಹೇಳಿಲ್ಲವಲ್ಲ ಎಂದು ಒಮ್ಮೆ ನನ್ನ ಹತ್ತಿರ ಮೆಲ್ಲಗೆ ಅಂದಳು. ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಮಡಿಯಲ್ಲಿದ್ದಳು, ಆಗಲಿಲ್ಲ.

ಡಿಸೆಂಬರಿನಲ್ಲಿ ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಒಯ್ದು ಕೊಟ್ಟೆ. ಗಡಿಯಾರ ಎದುರಿಗಿಟ್ಟುಕೊಂಡು ಬರೆದಳು. ಗಣಿತದಲ್ಲಿ ನೂರಕ್ಕೆ ಎಂಬತ್ನಾಲ್ಕು. ಕಲಬುರಗಿಗೆ ಬಂದರೆ ತನಗೆ ಯಾವ ಮೂಲೆ ಕೊಡುತ್ತೀ ಅತ್ಯಾ ಎಂದು ಕೇಳಿದಳು. ಕಿಟಕಿಯ ಕೆಳಗಿನದು ಎಂದೆ.

ಅರ್ಜಿಯನ್ನು ನಾನೇ ತುಂಬಿಕೊಟ್ಟಿದ್ದೆ. ಅಣ್ಣ ಅದಕ್ಕೆ ಹುಡುಗಿಯ ಫೋಟೋ ಅಂಟಿಸಿ, ಸಹಿ ಹಾಕಿ, ತಂದೆ-ತಾಯಿಯೇ ಕೊಡಬೇಕೆಂಬ ನಿಯಮದಂತೆ ತಾನೇ ಬಂದು ಕೊಡಬೇಕಿತ್ತು. ಕೊನೆಯ ತಾರೀಖು ಜನವರಿ ಹತ್ತೊಂಬತ್ತು, ಮಂಗಳವಾರ, ಸಂಜೆ ಐದು ಗಂಟೆ. ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಕಾರ್ಡು ಬರೆದೆ.

ಮಂಗಳವಾರ ಬೆಳಿಗ್ಗೆಯಿಂದ ಬಾಗಿಲು ನೋಡಿದೆ. ಊಟಕ್ಕೆ ಏಳಲಿಲ್ಲ. ಐದು ಹೊಡೆಯಿತು. ಯಾರಿಗಾದರೂ ಏನಾದರೂ ಆಗಿರಬೇಕೆಂದು ಹೆದರಿಕೊಂಡೇ ರಿಜಿಸ್ಟರು ಮುಚ್ಚಿದೆ. ಮನೆಗೆ ಹೋಗಿ ಏನೂ ಅರಿಯದ ಗೋಪಾಲನ ಮೇಲೆ ಹರಿಹಾಯ್ದೆ.

ಬುಧವಾರ ಹನ್ನೊಂದಕ್ಕೆ ಒಬ್ಬ ಹೆಂಗಸು ನನ್ನ ಟೇಬಲ್ಲಿನ ಮುಂದೆ ನಿಂತಳು. ಹೆಸರು ಮಲ್ಕಮ್ಮ. ಕಲಬುರಗಿಯ ಅಂಚಿನ ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವವಳು. ತಲೆಯ ಕೂದಲ ತುಂಬ ತೊಗರಿಯ ಹೊಟ್ಟಿನ ಪುಡಿ. ಕೈಯಲ್ಲಿ ಮಗಳು ಬಂಡಮ್ಮನ ಅರ್ಜಿ. ಹೊಸ ತೊಗರಿ ಬರುವ ಕಾಲ, ಮಂಗಳವಾರ ಮಿಲ್ಲಿನವರು ಬಿಡಲಿಲ್ಲವೆಂದಳು. ಹುಡುಗಿ ಐದನೆಯದಕ್ಕೆ ಶಾಲೆ ಬಿಟ್ಟು ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿದ್ದಾಳೆ, ಪಕ್ಕದ ಮನೆಯ ಇನಾಯತ್‌ನ ಮಗಳ ಪುಸ್ತಕ ತಂದು ಓದಿದ್ದಾಳೆ ಎಂದಳು. ಯಾವಾಗ ಓದುತ್ತಾಳೆ ಎಂದು ಕೇಳಿದೆ, ಅರ್ಜಿ ತೆಗೆದುಕೊಳ್ಳುವ ಮನಸ್ಸಿನಿಂದಲ್ಲ, ಸುಮ್ಮನೆ.

"ಕೂಸು ಮಲಗಿದಾಗ ಓದ್ತಾಳ್ರಿ. ಅದು ಎದ್ರ ಮುಗೀತು."

ತಾರೀಖು ಮುಗಿದಿದೆ, ಆಗುವುದಿಲ್ಲ ಎಂದೆ. ಒಂದೇ ದಿನ ಅಲ್ಲವೇ ಎಂದಳು. ನನಗೆ ಅಣ್ಣನ ಮೇಲೆ ಸಿಟ್ಟಿತ್ತು, ಅದನ್ನು ಇವಳ ಮೇಲೆ ಕಾರಿದೆ. ಹತ್ತೊಂಬತ್ತು ಅಂದರೆ ಹತ್ತೊಂಬತ್ತು, ನಿನಗೊಂದು ಕಾನೂನು ಊರಿಗೊಂದು ಕಾನೂನು ಮಾಡಲೇ ಎಂದೆ. ಹೊಸ ದಿನಕ್ಕೆ ಹೊಸ ಪುಟ ತೆಗೆಯುವುದು ನನ್ನ ಪದ್ಧತಿ. ಮಂಗಳವಾರದ ಪುಟದ ಕೆಳಗೆ ಏಳೆಂಟು ಸಾಲು ಖಾಲಿ ಇದ್ದವು, ಇನ್ನೊಂದು ಹೆಸರು ಹಿಡಿಯುತ್ತಿತ್ತು. ನನಗೆ ಗೊತ್ತಿತ್ತು. ಅವಳು ಅರ್ಜಿಯನ್ನು ಮಡಚಿ ಸೆರಗಿನಲ್ಲಿಟ್ಟುಕೊಂಡು ಹೋದಳು.

ಗುರುವಾರ ಅಣ್ಣ ಬಂದ. ಹಣೆಯಲ್ಲಿ ಹೊಸದಾಗಿ ತಿದ್ದಿದ ನಾಮ, ಹೆಗಲಿಗೆ ಚೀಲ. ಚೀಲದಿಂದ ಮೊದಲು ಹೊರಗೆ ಬಂದದ್ದು ಒಂದು ಚಿಪ್ಪು ಕೆಂಪು ಬಾಳೆಹಣ್ಣು, ಸಾಹೇಬರಿಗೆ. ಆಮೇಲೆ ಅರ್ಜಿ. ಮನೆಯಲ್ಲಿ ಎಲ್ಲರೂ ಆರಾಮವೇ ಎಂದೆ. ಆರಾಮ ಎಂದ.

"ಮತ್ತ ಮಂಗಳವಾರ ಯಾಕ ಬರಲಿಲ್ಲ?"

"ಮಂಗಳವಾರ ಅಮಾಸಿ ಇತ್ತು. ನಿನ್ನಿ ಪಾಡ್ಯ. ಅಂಥಾ ದಿನಾ ಛಲೋ ಕೆಲಸಕ್ಕ ಹೆಂಗ ಹೊರಡೂದು? ಇವತ್ತ ಬಿದಿಗಿ, ದಿನಾ ಭಾಳ ಛಲೋ ಅದ."

ತಾರೀಖು ಮುಗಿದು ಎರಡು ದಿನವಾಯಿತು ಎಂದೆ. ಅವನು ನಕ್ಕ. ಹುಬ್ಬಿನಿಂದ ನನ್ನ ಟೇಬಲ್ಲಿನ ಕಡೆ ತೋರಿಸಿದ.

"ಮುದ್ರಿ ನಿನ್ನ ಕೈಯಾಗಽ ಅದಲ್ಲ."

ತನ್ನ ಅಮಾವಾಸ್ಯೆಯನ್ನು ಒಂದು ಗಳಿಗೆ ಆಚೆ ಸರಿಸಲಾರದವನು, ನನ್ನ ಹತ್ತೊಂಬತ್ತನೆಯ ತಾರೀಖನ್ನು ಎರಡು ದಿನ ಎಳೆ ಎಂದು ನಗುತ್ತ ಹೇಳಿದ. ಮಗಳ ಒಂದು ವರ್ಷ ಅವನ ಚೀಲದಲ್ಲಿ ಬಾಳೆಹಣ್ಣಿನ ಕೆಳಗೆ ಬಂದಿತ್ತು. ಏಳು ತಿಂಗಳ ಸಿಟ್ಟನ್ನೆಲ್ಲ ಅಲ್ಲೇ ಕಾರಬೇಕೆನಿಸಿತು. ಆದರೂ ನನ್ನ ಕೈ ಏನು ಮಾಡಿತೆಂದರೆ, ಮುದ್ರೆಯ ಅಂಕಿಗಳನ್ನು ತಿರುಗಿಸಿತು. ಇಪ್ಪತ್ತೊಂದು, ಇಪ್ಪತ್ತು, ಹತ್ತೊಂಬತ್ತು. ವತ್ಸಲಾ ಫೋಟೋದಲ್ಲಿ ಎರಡು ಜಡೆ ಮುಂದೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ಎಂಟು ವರ್ಷದ ನೌಕರಿಯಲ್ಲಿ ನಾನು ಮಾಡದೇ ಇದ್ದ ಕೆಲಸ ಅದು.

ಮುದ್ರೆ ಎತ್ತಿದೆ, ಒತ್ತಲಾಗಲಿಲ್ಲ. ನಿನ್ನೆ ಇದೇ ಜಾಗದಲ್ಲಿ ನಿಂತಿದ್ದವಳ ತಲೆಯ ಮೇಲಿನ ಹೊಟ್ಟಿನ ಪುಡಿ ಕಣ್ಣ ಮುಂದೆ ಬಂತು. ಅವಳು ಒಂದು ದಿನ ತಡ ಮಾಡಿದ್ದಳು, ಅದೂ ಹೊಟ್ಟೆಯ ಸಲುವಾಗಿ. ಇವನು ಎರಡು ದಿನ.

ಒತ್ತಿದರೆ ಎರಡು ಅರ್ಜಿಗೂ ಒತ್ತಬೇಕು, ಇಲ್ಲದಿದ್ದರೆ ಒಂದಕ್ಕೂ ಇಲ್ಲ ಎಂದು ಆಗ ನಿಶ್ಚಯಿಸಿದೆ. ಬೇಕಾದರೆ ಇರಲಿ ಎಂದು ಡ್ರಾಯರಿನಿಂದ ಪರೀಕ್ಷೆಯ ಒಂದು ಖಾಲಿ ಅರ್ಜಿ ತೆಗೆದು ಕೈಚೀಲಕ್ಕೆ ಹಾಕಿಕೊಂಡೆ, ಅರ್ಧ ದಿನದ ರಜೆ ಬರೆದಿಟ್ಟೆ.

"ನಾ ಬರೂತನಾ ಇಲ್ಲೇ ಕೂಡು," ಎಂದೆ ಅಣ್ಣನಿಗೆ. "ಇವತ್ತ ಇದು ಆಗಲಿ ಬಿಡಲಿ, ಜೂನ್‌ನಾಗ ವತ್ಸಲಾ ನನ್ನ ಮನ್ಯಾಗ ಇರ್ತಾಳ. ನಿನ್ನ ಪಂಚಾಂಗ ಕೇಳೂದಿಲ್ಲ ನಾನು."

ಎಲ್ಲಿಗೆ, ಯಾಕೆ ಎಂದು ಅವನು ಕೇಳುತ್ತಲೇ ಇದ್ದ. ತಿರುಗಿ ನೋಡಲಿಲ್ಲ.

ಕಪನೂರಿನಲ್ಲಿ ಮೂರು ಮಿಲ್ಲು ಕೇಳಿದ ಮೇಲೆ ಅವಳು ಸಿಕ್ಕಳು. ಊಟದ ಬಿಡುವು, ಗೋಡೆಯ ನೆರಳಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ತೊಡೆಯ ಮೇಲೆ ಕೂಸನ್ನು ಹಾಕಿಕೊಂಡು ಒಂದು ಹುಡುಗಿ. ಅವಳೇ ಬಂಡಮ್ಮ, ತಾಯಿಗೆ ರೊಟ್ಟಿ ತಂದಿದ್ದಳು. ನನ್ನನ್ನು ಕಂಡು ಮಲ್ಕಮ್ಮ ಎದ್ದು ನಿಂತಳು. ನಿನ್ನೆಯ ಅರ್ಜಿ ಕೊಡು, ತೆಗೆದುಕೊಳ್ಳುತ್ತೇನೆ ಎಂದೆ.

"ಒಲಿಗಿ ಹಾಕಿದ್ನಿರೀ. ನೀವಽ ಆಗಂಗಿಲ್ಲ ಅಂದ್ರಲ್ಲ."

ಹೊಸ ಅರ್ಜಿ ತಂದಿದ್ದೇನೆ, ಇಲ್ಲೇ ತುಂಬುತ್ತೇನೆ, ಫೋಟೋ ಒಂದು ಬೇಕು ಎಂದೆ. ಸ್ಟುಡಿಯೋದವನು ಮೂರು ಪ್ರತಿ ಕೊಟ್ಟಿದ್ದನಂತೆ. ಬಂಡಮ್ಮ ಕೂಸನ್ನು ತಾಯಿಯ ಕೈಗೆ ಕೊಟ್ಟು ಮನೆಯ ಕಡೆ ಓಡಿದಳು. ನಾನು ಅಲ್ಲೇ ಒಂದು ಖಾಲಿ ಚೀಲದ ಮೇಲೆ ಕೂತು, ಕೈಚೀಲದ ಮೇಲೆ ಅರ್ಜಿ ಇಟ್ಟುಕೊಂಡು ತಂದೆಯ ಹೆಸರು, ಹುಟ್ಟಿದ ತಾರೀಖು ಕೇಳಿ ಬರೆಯತೊಡಗಿದೆ. ಮಲ್ಕಮ್ಮ ಹೇಳುತ್ತ ಹೋದಳು. ನಡುವೆ ನಿಲ್ಲಿಸಿದಳು.

"ಅಕ್ಕೋರೇ, ನಿನ್ನಿ ಆಗಲಾರದ್ದು ಇವತ್ತ ಹೆಂಗ ಆಯ್ತು?"

ಸುಳ್ಳು ಹೇಳಬಹುದಿತ್ತು. ಮೇಲಿನವರು ತಾರೀಖು ಮುಂದೆ ಹಾಕಿದ್ದಾರೆ ಎಂದರೆ ಅವಳು ನಂಬುತ್ತಿದ್ದಳು, ನನಗೆ ಕೈಯನ್ನೂ ಮುಗಿಯುತ್ತಿದ್ದಳು. ಆದರೆ ಅಷ್ಟು ದೂರ ಹೋದದ್ದು ಸುಳ್ಳು ಹೇಳುವುದಕ್ಕಲ್ಲ.

"ನಮ್ಮಣ್ಣನ ಮಗಳ ಅರ್ಜಿನೂ ತಡಾ ಆಗ್ಯದವ್ವಾ," ಎಂದೆ. "ಅಂವಾ ಇವತ್ತ ತಂದಾನ."

ಮಲ್ಕಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವಳ ದನಿ ಏರಲೇ ಇಲ್ಲ.

"ಹಂಗಾದ್ರ ನಿಮ್ಮಣ್ಣಾರಿಗಿ ನಂದೊಂದು ಶರಣು ಹೇಳ್ರಿ. ಅವರು ತಡಾ ಮಾಡಿ ಬರಲಿಲ್ಲಂದ್ರ ನಮ್ಮ ಹುಡುಗಿ ನಿಮಗ ನೆನಪಾಗ್ತಿದ್ದಿಲ್ಲ."

ನಾನು ತಲೆ ಎತ್ತಲಿಲ್ಲ. ಅರ್ಜಿಯಲ್ಲಿ ಇನ್ನೂ ಅರ್ಧ ಪುಟ ತುಂಬುವುದಿತ್ತು.