ಹೆಸರಿನ ಮೇಲಿನ ಬಿಳಿ ಪಟ್ಟಿ

ಆ ಬಿಳಿ ಕಾಗದದ ತುದಿ ಫ್ಯಾನಿನ ಗಾಳಿಗೆ ಎದ್ದೆದ್ದು ಬೀಳುತ್ತಿದೆ, ನೆಟ್ಟಗೆ ಅಂಟಿಸಲೂ ಬರಲಿಲ್ಲ ಇವರಿಗೆ, ಬ್ಯಾನರಿನ ಮೇಲೆ ಚಿತ್ರದ ನಿರ್ಮಾಪಕರು ಎಂದಿದೆ, ಅದರ ಕೆಳಗೆ ಹೆಸರಿಲ್ಲ, ಬರೀ ಬಿಳಿ ಪಟ್ಟಿ, ಇಡೀ ವೆಂಬ್ಲಿ ಹಾಲಿಗೆ ಕಾಣುವ ಹಾಗೆ — ನನ್ನ ಪಕ್ಕದಲ್ಲಿ ಬೆಕ್‌ವಿತ್ ಅಜ್ಜ ಟೈ ಕಟ್ಟಿಕೊಂಡು ಕೂತಿದ್ದಾನೆ, ಲಂಡನ್ನಿನ ಇಲ್ಫರ್ಡಿನಲ್ಲಿ ನಮ್ಮ ಗೋಡೆಯಾಚೆಯ ಮನೆಯವನು, ಒಂದು ಕಾಲಕ್ಕೆ ಹಾಲಿವುಡ್ಡಿನಲ್ಲಿ ಸಾಲುಸಾಲು ಸಿನಿಮಾ ತೆಗೆದವನು, ನಟಿಯರು ಇವನ ಬಾಗಿಲಲ್ಲಿ ಕಾಯುತ್ತಿದ್ದರಂತೆ, ಈಗ ಇವನು ನನ್ನ ಅವಲಕ್ಕಿಗೆ ಕಾಯುತ್ತಾನೆ. ನಿನ್ನ ಗೆಳೆಯರಲ್ಲಿ ಕಮ್ಯುನಿಸ್ಟರು ಯಾರು ಹೇಳು ಎಂದು ಐವತ್ತು ವರ್ಷದ ಹಿಂದೆ ಸರ್ಕಾರದವರು ವಾಷಿಂಗ್ಟನ್ನಿನಲ್ಲಿ ಕೂರಿಸಿ ಕೇಳಿದರು, ಇವನು ಒಬ್ಬರ ಹೆಸರೂ ತೆಗೆಯಲಿಲ್ಲ, ಅದಕ್ಕೇ ಇವನ ಹೆಸರನ್ನು ತೆಗೆದರು, ಸ್ಟುಡಿಯೋದಿಂದ, ಪೋಸ್ಟರುಗಳಿಂದ, ಲಂಡನ್ನಿಗೆ ಓಡಿಬಂದು ತೆಗೆದ ಸಿನಿಮಾಗಳಲ್ಲೂ ಇನ್ಯಾರದೋ ಹೆಸರು — ಇವತ್ತು ತೋರಿಸುವುದೂ ಅಂಥದ್ದೇ, ನಾನೇ ಅಂದಿದ್ದೆ, ನಮ್ಮ ಕನ್ನಡದ ಮಂದಿ ನೋಡಲಿ, ಬ್ಯಾನರಿನ ಮೇಲೆ ಈ ಸಲ ನಿನ್ನದೇ ಹೆಸರು.

ಕಾರ್ಯಕ್ರಮ ನಡೆಸುವ ನಮ್ಮ ಕನ್ನಡ ಸಂಘದ ಡಾಕ್ಟರ್ ಅಶ್ವತ್ಥನಾರಾಯಣರಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ, ಮೊದಲ ಅವರ ಹೆಸರು ತಗೀರಿ ಸರ, — ಧಾರವಾಡದಲ್ಲಿ ಯಾರನ್ನು ಬೇಕಾದರೂ ಕೇಳಲಿ, ಹೆಸರು ತೆಗೆಯುವುದು ಎಂದರೆ ಹೆಸರೆತ್ತುವುದು, ಈ ಮೈಸೂರಿನವರ ಕಿವಿಗೆ ಅಳಿಸಿಹಾಕಿ ಎಂದು ಕೇಳಿಸಿತಂತೆ, ನೀವೇ ತೆಗೀರಿ ಅಂದ್ರಲ್ಲಮ್ಮಾ, ಪಾಪ ಅವರಿಗಿನ್ನೂ ಹಳೇ ಭಯ ಇರ್ಬೇಕು ಅಂದ್ಕೊಂಡು ಅಂಟಿಸ್ಬಿಟ್ಟೆ, ಎನ್ನುತ್ತ ವೇದಿಕೆ ಹತ್ತಿಯೇಬಿಟ್ಟರು, ಸ್ವಾಗತ ಭಾಷಣ, ಮುಗಿಯುವ ಲಕ್ಷಣವಿಲ್ಲ, ಸಿಟ್ಟು ನೆತ್ತಿಗೇರಿದೆ, ಅವರ ಮೇಲೋ ನನ್ನ ಮೇಲೋ ತಿಳಿಯದೆ ಸೆರಗು ಹಿಂಡುತ್ತಿದ್ದೇನೆ, ಎದ್ದು ಹೋಗಿ ಕಿತ್ತುಬಿಡಲೇ, ಗೋಂದಿಗೆ ಹೆಸರೂ ಕಿತ್ತುಬಂದರೆ — ಅಜ್ಜ ಕನ್ನಡಕ ಹಾಕಿಕೊಂಡ, ಮೊನ್ನೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ ಬೆ ಎಂದು ಬರೆದು ತೋರಿಸಿದ್ದೆ, ಇದು ನೀನು, ಇಲ್ಲಿಂದ ನೀನು ಶುರು, ಮಗುವಿನ ಹಾಗೆ ತಿದ್ದಿ ತಿದ್ದಿ ಕಲಿತಿದ್ದ, ಅವನಿಗೆ ಗೊತ್ತಿರುವ ಕನ್ನಡ ಅದೊಂದೇ ಅಕ್ಷರ, ಅದನ್ನೇ ಹುಡುಕುತ್ತಿದ್ದಾನೆ, ಬೆರಳು ಅಧ್ಯಕ್ಷರ ಹೆಸರು ದಾಟಿತು, ಕಾರ್ಯದರ್ಶಿಯ ಹೆಸರು ದಾಟಿತು, ವಿಚ್ ಒನ್ ಈಸ್ ಮಿ, ಚಂಡ್ರಿಕಾ, — ಫ್ಯಾನು ಈ ಕಡೆ ತಿರುಗಿತು, ಕಾಗದದ ತುದಿ ಎದ್ದಿತು, ಬೆ, ಅಲ್ಲಿ ಅಜ್ಜಾ, ಎನ್ನುವಷ್ಟರಲ್ಲಿ ಬಿತ್ತು, ಬಿಳಿ, ಮತ್ತೆ ಎದ್ದಿತು, ಬೆ, ಬಿತ್ತು, ಬಿಳಿ —