ಲೂಪೆ ಬಿಚ್ಚಿದ ಪ್ಲಾಸ್ಟರ್

ಲೂಪೆಯ ಕೈಗುಣದ ಬಗ್ಗೆ ಸವಾಯಿ ದ್ವೀಪದ ಆ ಕರಾವಳಿಯಲ್ಲಿ ಎರಡು ಮಾತಿರಲಿಲ್ಲ. ಉಳುಕಿರಲಿ, ಊತವಿರಲಿ, ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ ಅವಳು ನೀವಿದರೆ ಕುಂಟುತ್ತ ಬಂದವರು ನೆಟ್ಟಗೆ ನಡೆದು ಹೋಗುತ್ತಿದ್ದರು. ಅಂಥವಳು ಸ್ವಂತ ಮೊಮ್ಮಗಳು ಫೆತುವಿನ ಬಲಪಾದವನ್ನು ಮಾತ್ರ ಎರಡು ವರ್ಷದಿಂದ ಕಣ್ಣೆತ್ತಿ ನೋಡಿರಲಿಲ್ಲ. ಹನ್ನೊಂದು ವರ್ಷದ ಹುಡುಗಿ, ಪಾದ ಒಳಕ್ಕೆ ಸೊಟ್ಟಗೆ ತಿರುಗಿತ್ತು.

ಆ ಮಧ್ಯಾಹ್ನ ಪಕ್ಕದ ಮನೆಯ ತಿರೇಸ ಬಂದು ಚಾಪೆಯ ಮೇಲೆ ಕುಸಿದು ಕೂತಳು. ಅವಳ ಎಂಟು ವರ್ಷದ ಮಗಳು ಇವಾ ಹಿಂದಿನ ದಿನ ಬಸ್ಸಿನಿಂದ ಹಾರಿ ಕಾಲಿನ ಗಂಟು ಮುರಿದುಕೊಂಡಿದ್ದಳು.

"ನಾಳೆ ಬೆಳಗ್ಗೆ ಹಡಗು ಹತ್ತಿ ದೊಡ್ಡಾಸ್ಪತ್ರೆಗೆ ಹೋಗ್ತೀವಿ ಲೂಪೆಯಮ್ಮ. ಆಪರೇಷನ್ ಮಾಡಿ ಮೊಳೆ ಹಾಕಿದ್ರೂ ಸರಿಹೋಗುತ್ತೆ, ಪ್ಲಾಸ್ಟರ್ ಹಾಕಿದ್ರೂ ಸರಿಹೋಗುತ್ತೆ ಅಂತಾರೆ ಇಲ್ಲಿನ ಡಾಕ್ಟ್ರು. ಮಗೂಗೆ ಉಬ್ಬಸ ಇದ್ಯಲ್ಲ, ಆಪರೇಷನ್ನಿಗೆ ಪ್ರಜ್ಞೆ ತಪ್ಸೋದು ಯಾಕೆ, ಪ್ಲಾಸ್ಟರೇ ಸಾಕಂತೆ. ಸಾಕಂತೆ! ಫೆತುಗೂ ಹಿಂಗೇ ಅಂದಿದ್ರಲ್ವಾ?"

"ಆಪರೇಷನ್ನೇ ಮಾಡಿಸ್ಬಿಡು" ಎಂದಳು ಲೂಪೆಯ ಸೊಸೆ, ಫೆತುವಿನ ತಾಯಿ ಸಿಯೆನಿ. "ಆ ಸುಣ್ಣದ ಮುದ್ದೆ ನಂಬಿ ನಾನು ಕೆಟ್ಟೆ. ಇವಳಾದ್ರೂ ಕೂತ ಕಡೆ ಕೂತಿದ್ಲಾ? ಪ್ಲಾಸ್ಟರ್ ಕಾಲಲ್ಲೇ ಕುಣಿದ ಮಹಾರಾಯ್ತಿ!"

ಅಲ್ಲೇ ಕೂತಿದ್ದ ಫೆತು ಮೆಲ್ಲಗೆ ಪಾದವನ್ನು ಬಟ್ಟೆಯೊಳಗೆ ಎಳೆದುಕೊಂಡಳು.

ನಡೆದದ್ದೇ ಬೇರೆ. ಎರಡು ವರ್ಷದ ಹಿಂದೆ ಫೆತುವಿನ ಕಾಲು ಮುರಿದಾಗ ಡಾಕ್ಟರು ಪ್ಲಾಸ್ಟರ್ ಹಾಕಿ, ಆರು ವಾರ ಮುಟ್ಟಬೇಡಿ ಎಂದಿದ್ದರು. ಮೂರನೆಯ ವಾರಕ್ಕೆ ಮಕ್ಕಳ ಭಾನುವಾರ ಬಂತು. ಅವತ್ತು ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ಪದ್ಯ ಹೇಳಿ ಕುಣಿಯಬೇಕು, ಮನೆಯಲ್ಲಿ ಮೊದಲ ಊಟ ಅವರದೇ, ದೊಡ್ಡವರು ಬಡಿಸಬೇಕು. ನನಗಿಲ್ಲವಲ್ಲ ಎಂದು ಫೆತು ಅತ್ತಳು. ಊರಮಕ್ಕಳಿಗೆಲ್ಲ ನೀವಿದ ಕೈ ನನ್ನ ಮೊಮ್ಮಗಳಿಗೇ ಬೇಡವಾಯಿತೇ ಎಂದು ಲೂಪೆಗೂ ರೋಷ. ಸಿಯೆನಿ ತೋಟಕ್ಕೆ ಹೋದ ಹೊತ್ತು ನೋಡಿ ಪ್ಲಾಸ್ಟರನ್ನು ನೀರಲ್ಲಿ ನೆನೆಸಿ, ಚಾಕುವಿನಿಂದ ಸೀಳಿ, ಎಣ್ಣೆ ಹಚ್ಚಿ ಒತ್ತಿದಳು. ಒಳಗೆ ಕಟಕ್ ಎಂದಿತು. ಮೂಳೆ ಕೂತಿತು ಎಂದುಕೊಂಡಳು, ಹಾಳು ಮುದುಕಿ! ಅದೇ ಪ್ಲಾಸ್ಟರ್ ಮತ್ತೆ ತೊಡಿಸಿ ಬಟ್ಟೆ ಸುತ್ತಿದಳು, ಯಾರಿಗೂ ಹೇಳಬೇಡ ಮಗಾ ಎಂದಳು. ಭಾನುವಾರ ಫೆತು ಪದ್ಯ ಹೇಳಿ ಎರಡೇ ಎರಡು ಹೆಜ್ಜೆ ಕುಣಿದಳು.

ಆಮೇಲೆ ಆಸ್ಪತ್ರೆಯಲ್ಲಿ ನೋಡಿದರೆ ಮೂಳೆ ಜರುಗಿ, ಜರುಗಿದಲ್ಲೇ ಕೂಡಿಕೊಂಡಿತ್ತು. ಪ್ಲಾಸ್ಟರ್ ಹೇಗೆ ಒಡೆಯಿತು ಎಂದು ಡಾಕ್ಟರು ಕೇಳಿದಾಗ ಲೂಪೆ "ಮಕ್ಕಳು ಸುಮ್ನೆ ಕೂರ್ತಾವಾ ಡಾಕ್ಟ್ರೇ" ಎಂದಳು. ಅಷ್ಟೇ ಅಂದದ್ದು. ಕುಣಿದು ಒಡೆದುಕೊಂಡಳು ಎಂದು ಉಳಿದದ್ದನ್ನು ಊರೇ ಸೇರಿಸಿಕೊಂಡಿತು. ಫೆತು ಗುಟ್ಟು ಬಿಡಲಿಲ್ಲ. ಅಜ್ಜಿಯ ಕೈಯಿಂದ ಕೇಡಾಗುತ್ತದೆ ಎಂದು ಆ ಮಗುವಿಗೆ ಹೊಳೆದೂ ಇರಲಿಲ್ಲ.

ತಿರೇಸ ಏಳಲು ನೋಡಿದಳು. ಲೂಪೆ ಅವಳ ಕೈ ಹಿಡಿದು ಕೂರಿಸಿದಳು.

"ಪ್ಲಾಸ್ಟರೇ ಹಾಕ್ಸು ತಿರೇಸ. ಅದರದ್ದೇನೂ ತಪ್ಪಿಲ್ಲ. ಫೆತುದನ್ನ ನಾನೇ ಬಿಚ್ಚಿ ನೀವಿದೆ. ಮೂಳೆ ಜರುಗಿದ್ದು ಈ ಕೈಯಿಂದ್ಲೇ."

ಸಿಯೆನಿ ಅತ್ತೆಯತ್ತ ತಿರುಗಿದಳು. "ಅತ್ತೇ... ನನ್ನ ಮಗಳನ್ನ ನಾನು ದಿನಾ ಬೈತಿದ್ದೆನಲ್ಲ. ಕೇಳಿಸ್ಕೊಂಡು ಕೂತಿದ್ರಾ?"

"ಕೂತಿದ್ದೆ ಕಣೇ."

ತಿರೇಸ ತಲೆ ತಗ್ಗಿಸಿ, "ಹಂಗಾದ್ರೆ ಪ್ಲಾಸ್ಟರೇ ಹಾಕಿಸ್ತೀನಿ. ಆರು ವಾರ ಯಾರನ್ನೂ ಅದರ ಹತ್ರ ಬಿಡಲ್ಲ" ಎಂದಳು. ಲೂಪೆಯನ್ನೂ ಬಿಡುವುದಿಲ್ಲ ಎಂದು ಹೇಳಬೇಕಾಗಿರಲಿಲ್ಲ.

ಫೆತು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

"ಹಂಗಾದ್ರೆ ನಾನು ಕುಣಿದಿದ್ದಕ್ಕಲ್ವಾ ಅಜ್ಜಿ?"

"ಅಲ್ಲ ಮಗಾ."

"ನಾನು ದಿನಾ ಸಂಜೆ ಪ್ರಾರ್ಥನೇಲಿ ದೇವರ ಹತ್ರ ತಪ್ಪಾಯ್ತು ಅಂತ ಕೇಳ್ಕೋತಿದ್ದೆ" ಎಂದಳು ಫೆತು. "ನೀನೂ ಪಕ್ಕದಲ್ಲೇ ಇರ್ತಿದ್ದೆ."